ಓಕೆ ಅಮ್ಮ

ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ಜಾನಕಿಯಮ್ಮ ಜೀವಮಾನದಲ್ಲಿ ಯಾವುದಕ್ಕೂ ಸುಲಭವಾಗಿ ಹೂಂ ಅಂದವರಲ್ಲ. ಮದುಕ್ಕರೈ ರಸ್ತೆಯಾಚೆ ಊರ ಕಸ ಸುಟ್ಟು ಕರೆಂಟು ಮಾಡುವ ಘಟಕ ಕಟ್ಟಿ, ಅದರ ಇಳಿಜಾರು ಚಾವಣಿಗೆ ಹುಲ್ಲು ಹಾಸಿ, ಮಕ್ಕಳಿಗೆ ಜಾರುಬಂಡೆಯನ್ನೂ ಇಡುತ್ತಾರೆಂದು ಕೇಳಿದ್ದೇ ಸಭೆಯಲ್ಲಿ ಎದ್ದು ನಿಂತರು. "ಹೊಗೆಯ ಮೇಲೆ ಪಾರ್ಕೇ?" ಹಾಗೆ ಅಬ್ಬರಿಸಿದ ತಪ್ಪಿಗೆ ಪರೀಕ್ಷಾ ಸಮಿತಿಗೆ ಅವರನ್ನೇ ಸೇರಿಸಿದರು. ಮೊದಲ ಸಲ ಬೆಂಕಿ ಹಾಕುವ ದಿನ ಅವರು ಚಾವಣಿಯ ಮೇಲಿರಬೇಕು. ಹೊಗೆ ಕಂಡರೆ ಕೂಗಬೇಕು. ಕೂಗಿದರೆ ಪಾರ್ಕಿಗೆ ಬೀಗ.

ಆ ಬೆಳಿಗ್ಗೆ ತಂಗಿ ಸುಬ್ಬಾತಾಳ್ ಜೊತೆ ಹತ್ತಿದರು. ಮನೆಮಾತು ಕನ್ನಡ, ಊರಮಾತು ತಮಿಳು; ಹಾಗಾಗಿ ಕೂಗಿ ಹೇಳಬೇಕಾದ್ದಕ್ಕೆ ಒಂದು ಘನವಾದ ತಮಿಳು ವಾಕ್ಯವನ್ನೇ ಸಿದ್ಧಮಾಡಿಕೊಂಡಿದ್ದರು. ಯಂತ್ರ ಗುರುಗುಟ್ಟಿತು. ಪಕ್ಕದಲ್ಲಿ ನೀರು ತಣಿಸುವ ಗೋಪುರದಿಂದ ಬಿಳಿಯ ಮೋಡವೊಂದು ಭುಸ್ಸೆಂದು ಎದ್ದು ಮುಖಕ್ಕೇ ಬಡಿಯಿತು. ತಮಿಳು ವಾಕ್ಯ ಎಲ್ಲೋ ಹಾರಿಹೋಗಿ, ಬಾಯಿಗೆ ಬಂದದ್ದು ಅಡುಗೆಮನೆಯ ಕನ್ನಡ.

"ಹೊಗೆ! ಹೊಗೆ!" ಎಂದು ಕೈ ಬೀಸುತ್ತ ಕಿರುಚಿದರು.

ಕೆಳಗೆ ಕಿವಿಗೊಟ್ಟು ನಿಂತಿದ್ದ ಮೇಲ್ವಿಚಾರಕ ಕರುಪ್ಪಸಾಮಿಗೆ ಕನ್ನಡ ಬಾರದು. "ಅಮ್ಮಾ ಓಕೆ ಸೊಲ್ಲಿಟ್ಟಾಂಗ!" ಎಂದು ಹೆಬ್ಬೆರಳೆತ್ತಿದ. ಅಮ್ಮ ಓಕೆ ಅಂದುಬಿಟ್ಟರಂತೆ! ಜನ ಚಪ್ಪಾಳೆ ತಟ್ಟಿದರು.

ತಿದ್ದಲೆಂದು ಧಾವಿಸಿದ ಜಾನಕಿಯಮ್ಮ ದಾರಿ ಕಾಣದೆ ಕನ್ನಡಕ ತೆಗೆದು ಒರೆಸಿದರು. ಸೆರಗಿಗೆ ಅಂಟಿದ್ದು ಮಸಿಯಲ್ಲ, ನೀರು. ಕಣ್ಣೂ ಉರಿಯುತ್ತಿರಲಿಲ್ಲ. ಹಬೆ! ಹೊಗೆಗೂ ಹಬೆಗೂ ಇರುವ ವ್ಯತ್ಯಾಸ ತಿಳಿಯದವರನ್ನು ತರಗತಿಯಿಂದ ಆಚೆ ಕಳಿಸಿದ ಮಹಾತಾಯಿ ಅವರೇ.

ಕೆಳಗಿಳಿದು "ನಾನು ಓಕೆ ಅನ್ನಲಿಲ್ಲ" ಎಂದರೆ, ಮತ್ತೇನಂದಿರಿ ಎಂದು ಕೇಳುತ್ತಾರೆ. ಒಪ್ಪಿದವಳು ಅನ್ನಿಸಿಕೊಳ್ಳುವುದೋ, ದಡ್ಡಿ ಅನ್ನಿಸಿಕೊಳ್ಳುವುದೋ? ಮೆಟ್ಟಿಲು ಮುಗಿಯುವುದರೊಳಗೆ ತೀರ್ಮಾನವಾಯಿತು. ಗಂಭೀರವಾಗಿ ತಲೆದೂಗಿ ಹಾರ ಹಾಕಿಸಿಕೊಂಡರು.

ಈಗ ದಿನಾ ಸಂಜೆ ಅವರ ವಾಕಿಂಗ್ ಅಲ್ಲೇ. ಜಾರುಬಂಡೆಯ ಮೇಲಿಂದ ಮಕ್ಕಳು "ಓಕೆ ಅಮ್ಮಾ!" ಎಂದು ಕೂಗುತ್ತಾರೆ.

"ಏನಕ್ಕಾ, ಆ ಪುಳ್ಳೆಗಳ್ಗೆ ನಿಜಾನ ಹೇಳ್ಬುಡ್ಲಾ?" ಎಂದು ಸುಬ್ಬಾತಾಳ್ ಕೆಣಕಿದಳು.

"ಹೇಳು. ನಾಳೆಯಿಂದ ಬಸ್ಸಲ್ಲಿ ಬಾ. ನನ್ನ ಕಾರಲ್ಲಿ ನಿಂಗೆ ಎಡೆ ಇಲ್ಲ."

ಸುಬ್ಬಾತಾಳ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಏನೋ ಅಂದಳು. ಅದು ಓಕೆಯೋ ಹೊಗೆಯೋ, ಜಾನಕಿಯಮ್ಮ ವಿಚಾರಿಸಲು ಹೋಗಲಿಲ್ಲ.