ಕುಷ್ಟಗಿ ಬಸ್ಸಿನಲ್ಲಿ ವಿಮಾನ ನಿಲ್ದಾಣದ ಊಟ

"ಈ ಕಾರ್ಡ್ ಇದ್ರ ವಿಮಾನ ನಿಲ್ದಾಣದಾಗ ಊಟ, ಕಾಫಿ ಎಲ್ಲಾ ಪುಕ್ಕಟೆ ನೋಡ್ರಿ!"

ಕೊಪ್ಪಳದಿಂದ ಕುಷ್ಟಗಿಗೆ ಹೊರಟ ಬಸ್ಸಿನಲ್ಲಿ ನಮ್ಮ ಯಜಮಾನರು ಪಕ್ಕದ ಸೀಟಿನ ಹಿರಿಯರಿಗೆ ತಮ್ಮ ಹೊಸ ಕ್ರೆಡಿಟ್ ಕಾರ್ಡ್ ತೋರಿಸುತ್ತಿದ್ದರು. ಬುತ್ತಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹಿಂದೆಯೇ ಕೂತಿದ್ದೆ.

ಹಿರಿಯರು ಕಾರ್ಡನ್ನು ತಿರುವಿ ಮುರುವಿ ನೋಡಿ, ಬಹಳ ಗಂಭೀರವಾಗಿ ಕೇಳಿದರು: "ಛಲೋ ಆತ್ರಿ. ಮತ್ತ ನೀವು ವಿಮಾನ ಯಾವಾಗ ಹತ್ತತೀರಿ?"

ಯಜಮಾನರು ಕೆಮ್ಮಿದರು. ವರ್ಷಕ್ಕೆ ಶುಲ್ಕವೇನೋ ಇದೆ, ಆದರೆ ಖರೀದಿ ಜಾಸ್ತಿ ಮಾಡಿದರೆ ಅದೂ ಮಾಫಿ ಎಂದು ಮಾತು ತಿರುಗಿಸಿದರು. ಆ ಮಾಫಿಗಾಗಿಯೇ ನಮ್ಮ ಮನೆಗೆ ಎರಡನೇ ಮಿಕ್ಸರ್, ಎರಡನೇ ಟಿವಿ ಬಂದದ್ದನ್ನು ಮಾತ್ರ ಹೇಳಲಿಲ್ಲ. ಪಾಪ, ಮರೆತಿರಬೇಕು.

ಅಷ್ಟರಲ್ಲಿ ಕಂಡಕ್ಟರ್ ಬಂದರು. ಯಜಮಾನರು ಆ ಮಿರುಗುವ ಕಾರ್ಡನ್ನು ಜೇಬಿಗಿಳಿಸಿ, ನೋಟು ತೆಗೆದು ತಮ್ಮೊಬ್ಬರ ಟಿಕೆಟ್ ಕೊಂಡರು. ನಾನು ಅಂಚು ಸವೆದ ಆಧಾರ್ ಕಾರ್ಡ್ ತೋರಿಸಿದೆ. ಮಹಿಳೆಯರ ಉಚಿತ ಟಿಕೆಟ್ ಕೈಗೆ ಬಂತು.

ಹಿರಿಯರು ಹಿಂದಕ್ಕೆ ತಿರುಗಿ ನನ್ನ ಕಾರ್ಡನ್ನೊಮ್ಮೆ ನೋಡಿ, ಯಜಮಾನರಿಗೆ ಮೆಲ್ಲಗೆ ಹೇಳಿದರು: "ಸರ, ತಂಗಿ ಕಾರ್ಡೇ ಭಾಳ ಛಲೋ ಐತಿ ಬಿಡ್ರಿ."

ಯಜಮಾನರ ಕಾರ್ಡ್ ಈಗಲೂ ಇದೆ. ಎಷ್ಟು ಖರೀದಿಸಿದರೂ ಮಾಫಿಯ ಮೊತ್ತ ಮುಟ್ಟಿಲ್ಲ. ಕಂಡಿರದ ವಿಮಾನ ನಿಲ್ದಾಣದ ಪುಕ್ಕಟೆ ಊಟಕ್ಕೆ ನಾವು ವರ್ಷಾ ವರ್ಷಾ ಶುಲ್ಕ ಕಟ್ಟುತ್ತೇವೆ. ಹಸಿವಾದಾಗ ಮಾತ್ರ ಬಸ್ಸಿನಲ್ಲಿ ನಾನು ಕಟ್ಟಿದ ಬುತ್ತಿಯನ್ನೇ ಬಿಚ್ಚುತ್ತೇವೆ.