ತಂಗಿ ಕೇಳಿದ್ದ ಅರ್ಧ ಗಂಟೆ

ಹೋದ ವರ್ಷ ಕಾರ್ತಿಕ ಮಾಸದ ಕೊನೆಯ ಭಾನುವಾರ ನಡೆದ ಸಂಗತಿ ಇದು. ಓದಿದವರು ನಗಬಹುದು, ನಾನೂ ನಗುತ್ತೇನೆ. ಆದರೆ ನಗು ಮುಗಿದ ಮೇಲೆ ಎದೆಯಲ್ಲಿ ಚುರುಕ್ ಎನ್ನುವುದು ಮಾತ್ರ ಇನ್ನೂ ನಿಂತಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಕಡೂರಿನಲ್ಲಿ ಲಗೇಜ್ ಆಟೋ ಓಡಿಸುತ್ತೇನೆ, ತಲೆಗೆ ಸದಾ ಒಂದು ಟೋಪಿ. ತಂಗಿ ಶೈಲಾ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೂ ದಪ್ಪ ಗಾಜಿನ ಕನ್ನಡಕ. ವಯಸ್ಸು ಮೂವತ್ತೆರಡು. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಗಂಡು ಹುಡುಕುವ ಜವಾಬ್ದಾರಿ ನನ್ನದಾಯಿತು. ಒಂಬತ್ತು ಸಲ ಹೆಣ್ಣು ನೋಡುವ ಶಾಸ್ತ್ರ ಮಾಡಿಸಿದೆ. ಒಂಬತ್ತು ಸಲವೂ ಗಂಡಿನ ಕಡೆಯವರು ಒಳಗೆ ಕಾಲಿಡುವ ಮೊದಲು, "ಕನ್ನಡಕ ತೆಗ್ದಿಡೇ" ಎಂದು ಹೇಳಿದವನು ನಾನೇ. ಒಂಬತ್ತನೆಯವರೂ ಬೇಡ ಎಂದು ಹೇಳಿ ಕಳಿಸಿದ ದಿನ ಅವಳು ಉಪ್ಪಿಟ್ಟಿನ ತಟ್ಟೆ ತೊಳೆಯುತ್ತಾ, "ಬೇಡ ಅಂದೋರು ಹೆಂಗಿದ್ರು ಅಂತ್ಲೂ ನಂಗೆ ಗೊತ್ತಿಲ್ಲ ಕಣೋ ಅಣ್ಣ. ಎಲ್ಲಾರೂ ಮಬ್ಬು ಮಬ್ಬು" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆಮೇಲೆ ಅವಳೇ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಳು. ಅದರಲ್ಲಿ ಅಜ್ಜಂಪುರದ ಲೋಕೇಶ ಎಂಬುವನ ಪರಿಚಯವಾಯಿತು. ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುವವನು.

"ಗೊತ್ತಿಲ್ಲದೋನ ಹತ್ರ ಏನಂತ ಮಾತು ಶುರು ಮಾಡ್ತೀಯೇ?" ಎಂದು ಕೇಳಿದೆ.

"ಎಲ್ಲಾರೂ ಹಾಯ್, ಊಟ ಆಯ್ತಾ ಅಂತಾರೆ. ಆಯ್ತು ಅಂದ್ರೆ ಅಲ್ಲಿಗೆ ಮುಗೀತು. ಇವ್ರ ಫೋಟೋದಲ್ಲಿ ಹಿಂದುಗಡೆ ಒಂದು ಗ್ರೈಂಡರ್ ಬಿಚ್ಚಿ ಹಾಕಿತ್ತು. ಅದು ಆಮೇಲೆ ಸರಿ ಹೋಯ್ತಾ ಅಂತ ಕೇಳ್ದೆ. ಇಲ್ಲ ಕಣ್ರೀ, ಗ್ರೈಂಡರಿನೋರು ದಿನಾ ಬಂದು ನನ್ನೇ ಅರೀತಾವ್ರೆ ಅಂದ್ರು."

ಹೀಗೆ ಮೂರು ವಾರ ಮಾತು ನಡೆಯಿತು. ಒಂದು ದಿನ ಅವಳು ನನ್ನ ಪಕ್ಕ ಕೂತು ಹೇಳಿದಳು: "ಭಾನುವಾರ ಹನ್ನೊಂದಕ್ಕೆ ತರೀಕೆರೇಲಿ ಒಂದು ಬೇಕರೀಲಿ ಸಿಗ್ತೀವಿ. ಅಲ್ಲಾದ್ರೆ ಇಬ್ರನ್ನೂ ಗುರುತು ಹಿಡಿಯೋರಿಲ್ಲ. ಅರ್ಧ ಗಂಟೆ, ಒಂದು ಕಾಫಿ, ಇಬ್ಬರೇ. ಅವ್ರೂ ಮನೇಲಿ ಹೇಳಲ್ಲ, ನಾನೂ ಅಮ್ಮಂಗೆ ಹೇಳಿಲ್ಲ. ಹಿಡಿಸಿದ್ರೆ ಇನ್ನೊಂದ್ಸಲ ಸಿಗೋದು, ಇಲ್ದಿದ್ರೆ ನಮಸ್ಕಾರ."

"ಮತ್ತೆ ನಂಗ್ಯಾಕೆ ಹೇಳ್ದೆ?"

"ಒಬ್ಬರಿಗಾದ್ರೂ ಗೊತ್ತಿರ್ಲಿ ಅಂತ. ಇದು ಹೆಣ್ಣು ನೋಡೋ ಶಾಸ್ತ್ರ ಅಲ್ಲ ಕಣೋ. ಒಂದ್ಸಲ ನಾನೂ ನೋಡ್ಬೇಕು, ಅಷ್ಟೇ. ನೀನು ಏನೂ ಮಾಡಬ್ಯಾಡ. ಆಣೆ ಹಾಕು."

ಹಾಕಿದೆ.

ಗುರುವಾರ ಅಜ್ಜಂಪುರಕ್ಕೆ ಒಂದು ಲೋಡು ಸಿಕ್ಕಿತು. ಇಳಿಸಿದ ಮೇಲೆ ಮನಸ್ಸು ತಡೆಯಲಿಲ್ಲ. ನಮ್ಮ ಕಡೆ ಗಂಡು ಎಂದ ಮೇಲೆ ಅವನ ಬೀದಿಗೆ ಹೋಗಿ ನಾಲ್ಕು ಜನರನ್ನು ವಿಚಾರಿಸದೆ ಇರುವುದುಂಟೇ? ಲೋಕೇಶನ ಅಂಗಡಿಯಿಂದ ಮೂರನೆಯದು ಕಟಿಂಗ್ ಶಾಪು. ಗಡ್ಡ ಮಾಡಿಸುವ ನೆಪದಲ್ಲಿ ಹೋಗಿ ಕೂತೆ.

"ಆ ಮಿಕ್ಸಿ ಲೋಕೇಶ ಹುಡುಗ ಹೆಂಗೆ?"

"ಯಾಕೆ, ಮಿಕ್ಸಿ ಕೊಡ್ಬೇಕಿತ್ತಾ?"

"ಮಿಕ್ಸಿ ಅಲ್ಲ..."

ಅವನ ಕತ್ತಿ ನನ್ನ ಗಂಟಲ ಮೇಲೆ ಹಾಗೇ ನಿಂತಿತು. "ಓಹೋ! ಹೆಣ್ಣಿನ ಕಡೆಯೋರಾ? ಯಾವೂರು ಸ್ವಾಮಿ?"

ಗಂಟಲ ಮೇಲೆ ಕತ್ತಿ ಇರುವಾಗ ಸುಳ್ಳು ಹೇಳಲು ಯಾರಿಗೆ ಬರುತ್ತದೆ? ಕಡೂರು ಎಂದೆ. ಮಾತಿನ ಭರದಲ್ಲಿ ಭಾನುವಾರ, ತರೀಕೆರೆ, ಬೇಕರಿ ಎಲ್ಲವನ್ನೂ ಒದರಿಬಿಟ್ಟೆ. "ಚಿನ್ನದಂಥ ಹುಡುಗ, ಕಣ್ಮುಚ್ಕೊಂಡು ಕೊಡಿ" ಎಂದ. ನಾನು ದೊಡ್ಡ ಕೆಲಸ ಸಾಧಿಸಿದವನಂತೆ ನುಣ್ಣನೆಯ ಗಲ್ಲ ಸವರಿಕೊಳ್ಳುತ್ತಾ ಮನೆಗೆ ಬಂದೆ.

ಭಾನುವಾರ ಶೈಲಾಳನ್ನು ನನ್ನ ಆಟೋದಲ್ಲೇ ತರೀಕೆರೆಗೆ ಕರೆದುಕೊಂಡು ಹೋದೆ. ಅವಳು ದಿನಾ ಕೆಲಸಕ್ಕೆ ಹಾಕುವ ಚೂಡಿದಾರವನ್ನೇ ಹಾಕಿದ್ದಳು. ಕನ್ನಡಕವೂ ಇತ್ತು. "ಒಳಗೆ ಬರಬ್ಯಾಡ" ಎಂದು ಹೇಳಿ ಇಳಿದಳು. ರಸ್ತೆಯ ಈಚೆ ಬದಿಯಿಂದ ಗಾಜಿನೊಳಗೆ ಕಾಣುತ್ತಿತ್ತು. ಲೋಕೇಶ ಎದ್ದು ನಿಂತ. ಅವನು ಏನೋ ಹೇಳಿದ, ಇವಳು ಬಾಯಿ ತುಂಬ ನಕ್ಕಳು. ಐದು ನಿಮಿಷವೂ ಆಗಿರಲಿಲ್ಲ, ಬೇಕರಿಯ ಮುಂದೆ ಒಂದು ಬಾಡಿಗೆ ಕಾರು ಬಂದು ನಿಂತಿತು. ರೇಷ್ಮೆ ಸೀರೆ ಉಟ್ಟ ಇಬ್ಬರು ಹೆಂಗಸರು ಇಳಿದರು. ಒಬ್ಬರ ಕೈಯಲ್ಲಿ ಹೂವು ಹಣ್ಣಿನ ತಟ್ಟೆ.

ಕಟಿಂಗ್ ಶಾಪಿನಲ್ಲಿ ನಾನು ಒದರಿದ್ದು ಲೋಕೇಶನ ಮನೆಯವರ ಕಿವಿಗೆ ಮುಟ್ಟಿತ್ತು. ಇಳಿದು ಹೋಗಬೇಕಿತ್ತು. ಹೋಗಲಿಲ್ಲ. ಸೀಟಿನಲ್ಲೇ ತಲೆ ತಗ್ಗಿಸಿ ಕೂತೆ.

ಹತ್ತು ನಿಮಿಷಕ್ಕೆ ಶೈಲಾ ಹೊರಗೆ ಬಂದಳು. "ನಡಿ ಅಣ್ಣ. ಇವ್ನೂ ಎಲ್ಲಾರಂಗೇ. ಅವರಮ್ಮನ್ನೂ ದೊಡ್ಡಮ್ಮನ್ನೂ ಕರೆಸವ್ನೆ. ನಾನು ಹೇಳೇ ಇಲ್ಲ ಅಂತಾನೆ, ಅವರಮ್ಮ ನೋಡಿದ್ರೆ ಊರಿಗೆಲ್ಲ ಗೊತ್ತಾಗೈತೆ ಅಂತಾರೆ. ದೊಡ್ಡಮ್ಮ ಬಂದೋರೇ, ಕನ್ನಡಕ ತೆಗಿಯಮ್ಮ, ಮುಖ ನೋಡಣ ಅಂದ್ರು." ಒಂಬತ್ತು ಸಲ ಬೇಡ ಎನಿಸಿಕೊಂಡಾಗಲೂ ಅಳದವಳ ಕಣ್ಣಲ್ಲಿ ನೀರಿತ್ತು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ತಪ್ಪೆಲ್ಲ ಆ ಹುಡುಗನ ತಲೆಗೆ ಹೋಗುತ್ತಿತ್ತು. ನಾನು ಒಳ್ಳೆಯ ಅಣ್ಣನಾಗಿಯೇ ಉಳಿಯುತ್ತಿದ್ದೆ. ಹಾಗೇ ಉಳಿಯೋಣ ಎಂಬ ಆಸೆಯೂ ಆಯಿತು. ಮೂರು ಕಿಲೋಮೀಟರು ಸುಮ್ಮನೆ ಓಡಿಸಿದೆ. ಪಕ್ಕದಲ್ಲಿ ಅವಳು ಚೂಡಿದಾರದ ವೇಲಿನಿಂದ ಕನ್ನಡಕ ಒರೆಸುತ್ತಿದ್ದಳು. ಆಮೇಲೆ ಕೈ ತಾನಾಗಿಯೇ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿತು.

"ಊರಿಗೆಲ್ಲ ಹೇಳಿದ್ದು ಅವ್ನಲ್ಲ ಕಣೇ. ನಾನು."

ಕಟಿಂಗ್ ಶಾಪಿನ ಕಥೆ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಕೈಯಲ್ಲಿದ್ದ ಬ್ಯಾಗಿನಿಂದ ನನ್ನ ಹೆಗಲಿಗೆ ನಾಲ್ಕು ಬಾರಿಸಿದಳು. "ಆಣೆ ಹಾಕಿದ್ದೆಯಲ್ಲೋ ಪಾಪಿ! ತಿರುಗ್ಸು ಗಾಡಿ."

ನಾವು ವಾಪಸು ಬಂದಾಗ ಲೋಕೇಶ ಬೇಕರಿಯ ಮೆಟ್ಟಿಲ ಮೇಲೆ ತಲೆಗೆ ಕೈ ಕೊಟ್ಟು ಕೂತಿದ್ದ. ಒಳಗೆ ಅವನ ಅಮ್ಮ, ದೊಡ್ಡಮ್ಮ ಪಫ್ಸ್ ತಿನ್ನುತ್ತಿದ್ದರು. ಶೈಲಾ ಅವನನ್ನೂ ಒಳಗೆ ಕರೆದು, ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, "ಹೇಳು" ಎಂದಳು. ಮತ್ತೊಮ್ಮೆ ಎಲ್ಲ ಹೇಳಿದೆ. ಲೋಕೇಶ ಒಂದು ಗಳಿಗೆ ಮಿಕಮಿಕ ನೋಡಿ, "ಅಲ್ಲ ಸ್ವಾಮಿ, ನನ್ನನ್ನೇ ಕೇಳಿದ್ರೆ ನಾನೇ ಹೇಳ್ತಿರ್ಲಿಲ್ವಾ?" ಎಂದ. ಅವನಮ್ಮ, "ಅಯ್ಯೋ, ಊರಿಗೆಲ್ಲ ಹೇಳಿ ಹೆತ್ತೋಳಿಗೆ ಮುಚ್ಚಿಟ್ಟ ಅಂತ ತಪ್ಪಿಲ್ದೆ ನನ್ನ ಮಗನ್ನ ಬೈದ್ಬಿಟ್ನಲ್ಲಪ್ಪಾ" ಎಂದು ಪಫ್ಸ್ ಕೆಳಗಿಟ್ಟರು.

ಶೈಲಾ ಹೇಳಿದಳು: "ಅಮ್ಮಾ, ನಮ್ಮಿಬ್ಬರದು ಇನ್ನೂ ಅರ್ಧ ಗಂಟೆ ಐತೆ. ನೀವು ಅಷ್ಟೊತ್ತು ನಮ್ಮಣ್ಣನ್ನ ನೋಡ್ತಿರಿ."

ಅವರಿಬ್ಬರೂ ದೂರದ ಮೂಲೆಯ ಟೇಬಲ್ಲಿಗೆ ಹೋದರು. ನಾನು ಹೆಂಗಸರ ಎದುರು ಕೂತೆ.

"ಎಷ್ಟು ಓದಿದೀಯಪ್ಪಾ?" ದೊಡ್ಡಮ್ಮ ಶುರು ಮಾಡಿದರು.

"ಏಳು."

"ಯಾಕೆ, ಮುಂದಕ್ಕೆ ವಿದ್ಯೆ ಹತ್ಲಿಲ್ವಾ?"

ಸ್ವಂತ ಮನೆಯೋ, ಗಾಡಿ ಯಾರ ಹೆಸರಲ್ಲಿದೆ, ಮುಂದಿನ ಹಲ್ಲು ಯಾಕೆ ಮುರಿದಿದೆ, ಎಲ್ಲವೂ ಬಂದವು. ಕೊನೆಗೆ ಅವರು ನನ್ನನ್ನು ಓರೆಗಣ್ಣಿನಿಂದ ನೋಡಿ, "ಆ ಟೋಪಿ ಒಂದ್ಸಲ ತೆಗಿಯಪ್ಪ" ಎಂದರು. ತೆಗೆದೆ. ನನ್ನ ಬೋಳು ತಲೆಯನ್ನು ನೋಡಿ "ಹೂಂ" ಎಂದರು. ಆ ಹೂಂನಲ್ಲಿ ನನ್ನ ಬೆಲೆ ಎಷ್ಟೆಂದು ತಿಳಿದುಹೋಯಿತು. ಮೂಲೆಯ ಟೇಬಲ್ಲಿನಿಂದ ಶೈಲಾಳ ನಗು ಕೇಳಿಸಿತು. ನನಗೆ ಅರ್ಧ ಗಂಟೆಗೇ ಬೆವರು ಕಿತ್ತುಕೊಂಡು ಬಂತು. ಅವಳನ್ನು ನಾನು ಒಂಬತ್ತು ಸಲ ಹೀಗೆ ಕೂರಿಸಿದ್ದೆ, ಅದೂ ಎದುರಿಗಿದ್ದವರ ಮುಖವೂ ಕಾಣದ ಹಾಗೆ.

ಮದುವೆ ಯಾವಾಗ ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ. ಇಬ್ಬರೂ ತಿಂಗಳಿಗೆ ಒಂದೆರಡು ಸಲ ಎಲ್ಲಾದರೂ ಭೇಟಿಯಾಗುತ್ತಾರೆ. ಈಗ ಅವಳು ಹೋಗುವ ಮೊದಲು ನನಗೆ ಹೇಳುವುದಿಲ್ಲ, ಬಂದ ಮೇಲೆ ಹೇಳುತ್ತಾಳೆ. ಅದರಿಂದ ನೋವಾಗುತ್ತದೆ. ಆದರೆ ನಂಬಿ ಹೇಳಿದ್ದನ್ನು ಗುಟ್ಟಾಗಿ ಉಳಿಸಿಕೊಳ್ಳದವನಿಗೆ ಅಷ್ಟಾದರೂ ಆಗಲೇಬೇಕು.

ಮೊನ್ನೆ ಭಾನುವಾರ ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ, ಎಲ್ಲಿಗೆ ಎಂದು ಕೇಳಲು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, "ಬಸ್ ಸ್ಟ್ಯಾಂಡಿಗೆ ಬಿಡ್ಲೇನೇ?" ಎಂದೆ.

ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಆಟೋ ಹತ್ತಿದಳು. "ಬಿಡು. ಬಸ್ ಯಾವುದು ಅಂತ ಮಾತ್ರ ನೋಡಬ್ಯಾಡ."

ಬಿಟ್ಟು, ಹಿಂದೆ ತಿರುಗದೆ ಬಂದೆ.