ನಳಿನಿಯ ಗೋತ್ರ

ಇವತ್ತು ಬೆಳಿಗ್ಗೆ ಲಕ್ಷ್ಮೇಶ್ವರದಿಂದ ಪ್ರಸಾದ ಬಂತು. ಒಂದು ಹೋಳು ತೆಂಗಿನಕಾಯಿ, ಚೂರು ಕಲ್ಲುಸಕ್ಕರೆ, ಕುಂಕುಮದ ಪೊಟ್ಟಣ. ಕಾಗದ ಬಿಚ್ಚಿದ ಕೂಡಲೇ ಕರ್ಪೂರದ ಹೊಗೆ ಹಿಡಿದ ಕೊಬ್ಬರಿಯ ವಾಸನೆ. ಪ್ರತಿ ವರ್ಷ ನವರಾತ್ರಿ ಮುಗಿದ ಮೇಲೆ ಬರುತ್ತದೆ. ನನ್ನ ಹೆಸರಿನ ಪ್ರಸಾದವಲ್ಲ ಅದು, ನಳಿನಿಯ ಹೆಸರಿನದು. ನಳಿನಿ ಯಾರು ಎನ್ನುತ್ತೀರಾ? ಹೇಗೆ ಹೇಳಲಿ! ಅವಳನ್ನು ಹುಟ್ಟಿಸಿದವನು ನಾನು, ಮದುವೆ ಮಾಡಿಕೊಟ್ಟವನು ನಾನು, ಒಮ್ಮೆ ಕೊಂದವನೂ ನಾನೇ. ಗಾಬರಿಯಾಗಬೇಡಿ, ಪೊಲೀಸರಿಗೆ ಸಂಬಂಧವಿಲ್ಲದ ವಿಷಯ. ಅವಳ ಪ್ರಸಾದವನ್ನು ಇಷ್ಟು ವರ್ಷ ತಿಂದವನೂ ನಾನೇ ಎಂಬುದನ್ನಷ್ಟು ನೆನಪಿಟ್ಟುಕೊಳ್ಳಿ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಗದಗಿನ ಒಂದು ಕಚೇರಿಯಲ್ಲಿ ಗುಮಾಸ್ತ. ಬೆಟಗೇರಿಯಲ್ಲಿ ಬಾಡಿಗೆ ಕೋಣೆ, ಗೋಡೆಯಾಚೆ ಮಗ್ಗದ ಸಪ್ಪಳ. ಆ ಲಟಕ್ ಪಟಕ್ ತಾಳಕ್ಕೆ ಕೈ ಸುಮ್ಮನಿರದೆ ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯತೊಡಗಿದೆ. ಹೆಣ್ಣಿನ ಹೆಸರಿದ್ದರೆ ಓದುವವರು ಹೆಚ್ಚು ಎಂದು ಸಂಪಾದಕರು ಹೇಳಿದ್ದರಿಂದ ಮೀಸೆ ಇಟ್ಟುಕೊಂಡೇ ಹೆಣ್ಣಾದೆ. ಕಥೆಯ ನಾಯಕಿ ನಳಿನಿ. ಅವಳಿಗೆ ನಾನು ಕೊಡದ ಕಷ್ಟವಿಲ್ಲ. ಮಲತಾಯಿ, ಟೈಫಾಯ್ಡ್, ಬಾಯಿಬಡುಕಿ ಅತ್ತೆ, ಬಸುರಿ ಹೆಂಡತಿಯನ್ನು ಬಿಟ್ಟು ಸೊಲ್ಲಾಪುರಕ್ಕೆ ಓಡಿಹೋದ ಗಂಡ. ಕಂತು ಮುಗಿಸುವುದು ಹೇಗೆಂದು ತೋಚದಾಗಲೆಲ್ಲ ಡಾಕ್ಟರರನ್ನು ಕರೆಸುತ್ತಿದ್ದೆ. 'ಡಾಕ್ಟರರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದುವರಿಯುವುದು.' ಆ ಕನ್ನಡಕದಷ್ಟು ಸ್ವಚ್ಛವಾದ ವಸ್ತು ನಮ್ಮ ಸೀಮೆಯಲ್ಲೇ ಇರಲಿಲ್ಲ.

ಲಕ್ಷ್ಮೇಶ್ವರದಲ್ಲಿ ನನ್ನ ಸೋದರತ್ತೆ ಗಂಗತ್ತಿ ಇದ್ದಳು. ಅವಳ ಗಂಡ, ನನ್ನ ಮಾಮಾ, ಓಣಿಯ ದೇವಿಯ ಗುಡಿಯ ಪೂಜಾರಿ. ಮನೆಯಲ್ಲಿ ಇಬ್ಬರೇ ಇಬ್ಬರು, ಮಕ್ಕಳಿರಲಿಲ್ಲ. ಶನಿವಾರ ಕಚೇರಿ ಮುಗಿದ ಕೂಡಲೇ ನಾನು ದೇವಿಯ ದರ್ಶನಕ್ಕೆಂದು ಹೇಳಿ ಬಸ್ಸು ಹತ್ತುತ್ತಿದ್ದೆ. ನಿಜವಾದ ದೇವರು ಗಂಗತ್ತಿಯ ಬದನೆಕಾಯಿ ಎಣ್ಣಿಗಾಯಿ. ಗುರುವಾರ ಗದಗಿನ ಬಸ್ಸಿಗೆ ಪತ್ರಿಕೆ ಬರುತ್ತಿತ್ತು. ಗಂಗತ್ತಿ ಕಟ್ಟೆಯ ಮೇಲೆ ಕುಳಿತು ದೊಡ್ಡ ದನಿಯಲ್ಲಿ ಓದುತ್ತಿದ್ದಳು, ಓಣಿಯ ಹೆಂಗಸರು ಕೇಳುತ್ತಿದ್ದರು. ಬರೆಯುವವನು ನಾನೆಂದು ಯಾರಿಗೂ ಗೊತ್ತಿರಲಿಲ್ಲ. "ಈ ಬರಿಯೂ ಹೆಣಮಗಳಿಗೆ ಭಾಳ ಅನುಭವ ಐತಿ ನೋಡು. ಪಾಪ, ಆಕೀನ್ನೂ ಗಂಡ ಬಿಟ್ಟಿರಬೇಕು" ಎಂದು ಗಂಗತ್ತಿ ನನ್ನೆದುರಿಗೇ ಕನಿಕರಪಟ್ಟ ಮೇಲಂತೂ ಬಾಯಿ ಬಿಡುವ ಧೈರ್ಯ ಉಳಿಯಲಿಲ್ಲ.

ಒಂದು ಶನಿವಾರ ಹೋದರೆ ಎಣ್ಣಿಗಾಯಿಯ ವಾಸನೆಯೇ ಇಲ್ಲ! ಮಾಮಾ ಹಸಿದ ಮುಖ ಹೊತ್ತು ಕಟ್ಟೆಯ ಮೇಲೆ ಕುಳಿತಿದ್ದರು.

"ಬಾರಪಾ, ಕುಂಡ್ರು. ಒಳಗ ಏನೂ ಸಿಗೂದಿಲ್ಲ. ನಿಮ್ಮತ್ತಿ ಒಪ್ಪತ್ತು ಹಿಡದಾಳ. ಆಕಿಗೂ ಒಂದ ಹೊತ್ತು ಊಟ, ನನಗೂ ಒಂದ ಹೊತ್ತು."

"ಯಾಕ್ರಿ ಮಾಮಾ? ಯಾರಿಗೆ ಆರಾಮಿಲ್ಲ?"

"ನಳಿನಿಗೆ" ಎಂದರು ಮಾಮಾ, ಹಲ್ಲು ಕಡಿಯುತ್ತ.

ಅಷ್ಟರಲ್ಲಿ ಗಂಗತ್ತಿ ಹೊರಗೆ ಬಂದಳು. "ಕೂಸು ಅಡ್ಡ ತಿರಗೇತಂತ. ಆ ಡಾಕ್ಟರ ನೋಡಿದ್ರ ಬರೇ ಚಸ್ಮಾ ಒರಸ್ಕೋತ ನಿಂತಾನ! ಅವನ ಕೈಗೆ ಕಸಬರಿಗಿ ಕೊಡ್ರಿ, ಕಸಾನರ ಹೊಡೀಲಿ. ಆಕಿ ಹಡದು ಎದ್ದು ಕುಂಡ್ರೂತನಕ ನಾ ಎರಡನೇ ಹೊತ್ತು ಉಣ್ಣೂದಿಲ್ಲ. ದೇವಿಗೆ ಉಡಿ ತುಂಬತೇನಿ ಅಂತ ಬೇಡಿಕೊಂಡೇನಿ."

ಆದರೆ ನಳಿನಿ ಆಗಲೇ ಸತ್ತಿದ್ದಳು. ಮುಂದಿನ ಕಂತನ್ನು ಹಿಂದಿನ ದಿನವೇ ಅಂಚೆಗೆ ಹಾಕಿದ್ದೆ. ಸಂಪಾದಕರಿಗೆ ಕಣ್ಣೀರು ಬೇಕಾಗಿತ್ತು, ನನಗೆ ಧಾರಾವಾಹಿ ಮುಗಿಸಬೇಕಾಗಿತ್ತು. ಇಬ್ಬರೂ ಸೇರಿ ಆ ಹೆಣ್ಣುಮಗಳನ್ನು ಮುಗಿಸಿದ್ದೆವು. ಕೂಸನ್ನೂ ಬಿಟ್ಟಿರಲಿಲ್ಲ. ಬರೆಯುವಾಗ ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಸಂಜೆ ಗಂಗತ್ತಿ ನಮ್ಮಿಬ್ಬರನ್ನೂ ಗುಡಿಗೆ ಹೊರಡಿಸಿದಳು. ನಳಿನಿಯ ಹೆಸರಿನಲ್ಲಿ ಅರ್ಚನೆಯಾಗಲೇಬೇಕು.

"ಇಲ್ಲದವರ ಹೆಸರಲೆ ಸಂಕಲ್ಪ ಮಾಡಾಕ ಬರೂದಿಲ್ಲ ಅಂತ ಎಷ್ಟ ಸಲ ಹೇಳಬೇಕು? ದೇವಿ ಏನಂದಾಳು?" ಎಂದರು ಮಾಮಾ.

"ದೇವಿ ಏನೂ ಅನ್ನೂದಿಲ್ಲ. ಅನ್ನಾವರು ನೀವ. ಜಲ್ದಿ ಹೇಳ್ರಿ."

"ಆತು. ಗೋತ್ರ ಯಾವುದು?"

ಗಂಗತ್ತಿ ತಬ್ಬಿಬ್ಬಾದಳು. ಅಷ್ಟೊಂದು ಕಂತುಗಳಲ್ಲಿ ಗೋತ್ರದ ಮಾತೇ ಬಂದಿರಲಿಲ್ಲ.

"ಲಗ್ನ ಆದಾಕಿ. ಗಂಡನ ಗೋತ್ರ ಹೇಳಬೇಕು" ಎಂದು ಮಾಮಾ ಶಾಸ್ತ್ರ ತೆಗೆದರು.

"ಆ ಖೋಡಿ ಗಂಡನ ಗೋತ್ರ ಬ್ಯಾಡ! ಸೊಲ್ಲಾಪುರದಾಗ ಉಂಡು ತಿಂದು ಆರಾಮ ಅದಾನ ಆಂವ."

"ಹಂಗಾರ ಕಾಶ್ಯಪ ಅಂತೇನಿ. ಗೋತ್ರ ಗೊತ್ತಿಲ್ಲದವರಿಗೆಲ್ಲಾ ಅದ."

"ಗೊತ್ತಿಲ್ಲದಾಕಿ ಅಂದ್ರ? ಆಕಿ ಏನ ಬೀದ್ಯಾಗ ಬಿದ್ದಾಳೇನು? ನಮ್ಮ ಗೋತ್ರ ಹೇಳ್ರಿ" ಎಂದಳು ಗಂಗತ್ತಿ. ಆಮೇಲೆ ದನಿ ಇಳಿಸಿ, "ನಮ್ಮ ಕೂಸು ಉಳದಿದ್ರ ಈಗ ನಳಿನಿ ವಾರಗೀದ ಆಗತಿತ್ತು" ಎಂದಳು.

ಅವರಿಗೆ ಒಂದು ಮಗು ಹುಟ್ಟಿ ಹೋಗಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಮಾಮಾ ಕೈಯಲ್ಲಿ ಅಕ್ಷತೆ ಹಿಡಿದು, ತಮ್ಮ ಗೋತ್ರವನ್ನೇ ಹೇಳಿದರು.

"ನಕ್ಷತ್ರ?" ಎಂದರು ಮಾಮಾ.

"ರೋಹಿಣಿ" ಎಂದೆ ನಾನು.

ಅದನ್ನು ನಾನು ಎಲ್ಲಿಯೂ ಬರೆದಿರಲಿಲ್ಲ, ಎಂದೂ ಯೋಚಿಸಿರಲಿಲ್ಲ. ಆದರೆ ಬಾಯಿಗೆ ಬಂದ ಮೇಲೆ ಅದೇ ಖರೆ ಎಂದು ಗೊತ್ತಾಯಿತು. ಗಂಗತ್ತಿ ನನ್ನ ಕಡೆ ತಿರುಗಿದಳು. "ನಿನಗ ಹೆಂಗ ಗೊತ್ತು?"

ದೇವಿಯೆದುರು ಸುಳ್ಳು ಹೇಳಲಾಗದೆ, ಇದ್ದದ್ದನ್ನು ಹೇಳಿಬಿಟ್ಟೆ. ಅಳಿಯ ಲೇಖಕನೆಂದು ಹೆಮ್ಮೆಪಟ್ಟಾಳು ಎಂದುಕೊಂಡಿದ್ದೆ. ಅವಳು ನನ್ನ ಕಿವಿ ಹಿಡಿದಳು.

"ಆಕೀ ಗಂಡನ್ನ ಓಡಿಸಿದಾಂವ ನೀನ ಏನಲೇ? ಟೈಫಾಯ್ಡ್ ತಂದಾಂವ ನೀನ? ನನ್ನ ಕೈಲೆ ಎಣ್ಣಿಗಾಯಿ ತಿಂದು ಹೋಗಿ ಆಕೀನ್ನ ಉಪವಾಸ ಕೆಡವಿದಿ? ಮುಂದೇನ ಬರದಿ, ಹೇಳು!"

ನಾನು ನೆಲ ನೋಡಿದೆ. ಅವಳಿಗೆ ತಿಳಿಯಿತು. ಕಿವಿ ಬಿಟ್ಟು, "ಕೂಸು?" ಎಂದಳು. ಇಲ್ಲವೆಂದು ತಲೆಯಲ್ಲಾಡಿಸಿದೆ. ಅವಳು ಬೈಯಲಿಲ್ಲ, ಕಂಬಕ್ಕೊರಗಿ ಕುಳಿತುಬಿಟ್ಟಳು. ಅದರ ಬದಲು ನಾಲ್ಕು ಬಾರಿಸಿದ್ದರೆ ಚೆನ್ನಾಗಿತ್ತು.

"ಏ, ನಿಂತೇನ ನೋಡತಿ?" ಎಂದು ಗದರಿದವರು ಮಾಮಾ. "ತಾರ ಕಚೇರಿ ಇನ್ನೂ ತಗದಿರತೈತಿ. ಓಡು! ನೀ ಬರೂತನಕ ನಾ ಮಂಗಳಾರತಿ ಎತ್ತೂದಿಲ್ಲ."

ಧೋತರ ಎತ್ತಿ ಕಟ್ಟಿ ಓಡಿದೆ. 'ನಳಿನಿ ಸಾಯಬಾರದು. ತಡೆಯಿರಿ. ಬೇರೆ ಕಂತು ಬರುತ್ತಿದೆ' ಎಂದು ಸಂಪಾದಕರಿಗೆ ತಂತಿ ಬರೆದುಕೊಟ್ಟೆ. ಪೋಸ್ಟ್ ಮಾಸ್ತರರು 'ಸಾಯಬಾರದು' ಎಂಬಲ್ಲಿಗೇ ಕರಗಿಹೋದರು. ಮೆಲ್ಲಗೆ ಕನ್ನಡಕ ತೆಗೆದರು. ಒರೆಸಿಕೊಂಡರು! ದೇವರಾಣೆಗೂ ಒರೆಸಿಕೊಂಡರು.

"ಯಾರ್ರೀ, ತಂಗೀನ?"

"ಅತ್ತಿ ಮಗಳ್ರೀ. ಹೆರಿಗಿ ತ್ರಾಸ ಆಗೇತಿ."

"ಹೆದರಬ್ಯಾಡ್ರಿ. ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಒಯ್ಯಾಕ ಹೇಳ್ರಿ."

ಎಷ್ಟು ಸುಲಭ ನೋಡಿ! ನನಗೆ ಹೊಳೆದೇ ಇರಲಿಲ್ಲ. ಆ ಸಲಹೆಯನ್ನು ಹಾಗೆಯೇ ಹೊಸ ಕಂತಿನಲ್ಲಿ ಬರೆದೆ. ನಳಿನಿ ಹುಬ್ಬಳ್ಳಿಯಲ್ಲಿ ಹೆಣ್ಣು ಹಡೆದಳು. ಸಂಪಾದಕರು ಗೊಣಗಿದರು, ಆದರೆ ಮುಂಡರಗಿಯಿಂದ ಯಾರೋ ತಾಯಿ ಬಾಣಂತಿಗೆಂದು ಅಂಟಿನುಂಡಿ ಕಟ್ಟಿ ಪತ್ರಿಕೆಯ ವಿಳಾಸಕ್ಕೆ ಕಳಿಸಿದ ಮೇಲೆ ಸುಮ್ಮನಾದರು. ಉಂಡಿಯನ್ನು ಅವರೇ ತಿಂದರು. ಶಿರಹಟ್ಟಿಯಿಂದ ಕೂಸಿಗೆ ಬಂದ ಕುಂಚಿಗೆಯನ್ನು ನನಗೆ ಕಳಿಸಿದರು. ಮುಂದೆ ಅದನ್ನು ನನ್ನ ಮಗಳೇ ತೊಟ್ಟಳು.

ಗಂಗತ್ತಿ ಹಸಿರು ಬಳೆ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು ದೇವಿಗೆ ಉಡಿ ತುಂಬಿದಳು. ಅಲ್ಲಿಂದಾಚೆ ಪ್ರತಿ ಕಂತೂ ಮೊದಲು ಅವಳೆದುರು ಓದಬೇಕು, ಆಮೇಲೇ ತಾಟು ಹಾಕುತ್ತಿದ್ದಳು. ನಳಿನಿಗೆ ನೆಗಡಿಯಾದರೂ ನನಗೆ ಎಣ್ಣಿಗಾಯಿ ಇಲ್ಲ. ಯಾರಿಗೂ ಏನೂ ಆಗದ ಧಾರಾವಾಹಿ ಎಷ್ಟು ದಿನ ನಡೆದೀತು ಹೇಳಿ? ನಳಿನಿ ಉಳಿದಳು, ಧಾರಾವಾಹಿ ಸತ್ತಿತು.

ಈಗ ಗಂಗತ್ತಿ ಇಲ್ಲ, ಮಾಮಾ ಇಲ್ಲ. ಗುಡಿಯ ಪೂಜೆ ಮಾಮಾನ ಅಣ್ಣನ ಮೊಮ್ಮಗನದು. ನವರಾತ್ರಿಯಲ್ಲಿ ನಳಿನಿಯ ಅರ್ಚನೆ ತಪ್ಪಿಸಬಾರದು, ಅವಳ ಪ್ರಸಾದ ನನ್ನ ವಿಳಾಸಕ್ಕೆ ಕಳಿಸಬೇಕು ಎಂದು ಗಂಗತ್ತಿ ಅವನಿಂದ ಮಾತು ತೆಗೆದುಕೊಂಡಿದ್ದಳಂತೆ. ಪ್ರಸಾದ ಮುಟ್ಟಿತೆಂದು ಹೇಳಲು ಈಗಷ್ಟೇ ಫೋನ್ ಮಾಡಿದೆ.

"ಅಜ್ಜಾರ, ನಳಿನಿ ಅತ್ತಿ ಹೆಂಗದಾರ್ರಿ? ನಮ್ಮ ಮನಿ ಮಗಳು, ಒಮ್ಮೆನೂ ಈ ಕಡೆ ಬರಲಿಲ್ಲ ನೋಡ್ರಿ" ಎಂದ.

ನಿಜ ಹೇಳಬಹುದಿತ್ತು. "ಆರಾಮ ಅದಾಳಪಾ. ಮೊಣಕಾಲು ಒಂದೀಟು ಹಿಡಕೊಂಡಾವು, ಬಸ್ಸು ಹತ್ತಾಕ ಆಗೂದಿಲ್ಲ" ಎಂದೆ.

ಸುಳ್ಳಲ್ಲ. ರೋಹಿಣಿ ಗೊತ್ತಿದ್ದಂತೆ ಅದೂ ನನಗೆ ಗೊತ್ತಿತ್ತು. ಕೊಬ್ಬರಿಯನ್ನು ಬಾಯಿಗೊಯ್ಯುತ್ತಿದ್ದವನು ತಡೆದೆ. ಇಷ್ಟು ವರ್ಷ ಅವಳ ಪಾಲನ್ನೂ ನುಂಗಿದ್ದೇನಲ್ಲ! ಅರ್ಧ ಮುರಿದು ತಟ್ಟೆಯಲ್ಲಿ ಬೇರೆ ಇಟ್ಟೆ.

"ಅದ್ಯಾರಿಗ್ರಿ?" ಎಂದಳು ಹೆಂಡತಿ.

"ನಳಿನಿಗೆ" ಎಂದೆ, ನಗುತ್ತಾಳೆಂದು ಕಾಯುತ್ತ.

ಅವಳು ತಟ್ಟೆ ನೋಡಿದಳು. "ಇಷ್ಟು ದಪ್ಪಂದು ಇಟ್ಟೀರಲ್ಲ, ಆಕಿಗೆ ಈಗ ಹಲ್ಲು ನಡೀತಾವೇನು? ಹೆರದು ಇಡ್ರಿ" ಎಂದು ಹೆರೆಮಣೆ ತಂದು ನನ್ನ ಮುಂದಿಟ್ಟಳು.